ಮೌಸ್ ಸರಿಯಾಗಿಯೇ ಇತ್ತು

ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಮೌಸ್ ಗೋಡೆಗೆ ಬಡಿದು ಹೋಳಾಯಿತು. (ಇಲಿಯಲ್ಲ, ಕಂಪ್ಯೂಟರಿನದು. ಪ್ರಾಣಿದಯೆಯವರು ಗಾಬರಿಯಾಗಬೇಡಿ.)

ಎಸೆದವರು ನಮ್ಮ ಮನೆಯವರು, ಶ್ರೀಪಾದರಾಯರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮನುಷ್ಯ ಊಟದ ತಾಟನ್ನು ಕೂಡ ಸದ್ದಾಗುವಂತೆ ಇಟ್ಟವರಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಸುಮ್ಮನೆ ಮೊಸರು ಕೇಳುತ್ತಾರೆ. ಅಷ್ಟೇ ಅವರ ಸಿಟ್ಟು. ಅಂಥವರು ಮೌಸ್ ಎತ್ತಿ ಗೋಡೆಗೆ ಎಸೆದರು ಎಂದರೆ?

ಹೇಳುತ್ತೇನೆ. ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ನಗುವ ಸಂಗತಿಗಳನ್ನೇ ಬರೆಯುತ್ತೇನೆಂದು ನಿಮಗೆ ಗೊತ್ತು. ಇದನ್ನೂ ಹಾಗೇ ಬರೆಯೋಣ ಎಂದುಕೊಂಡೇ ಕೂತೆ. ಅರ್ಧ ದಾರಿಯವರೆಗೆ ಹಾಗೇ ಹೋಗುತ್ತದೆ ಕೂಡ. ಮುಂದಿನದು ನನ್ನ ಕೈಯಲ್ಲಿಲ್ಲ.

ಹೊಸ ಓದುಗರಿಗಾಗಿ ಒಂದು ಮಾತು. ನಾವು ಗದಗಿನ ಕಡೆಯವರು. ಪುಣೆಗೆ ಬಂದ ಮೇಲೇ ತಲೆ ಬೆಳ್ಳಗಾಗಿದ್ದು. ದೇಹೂ ರೋಡಿನ ಬಜಾರಿನಲ್ಲಿ ನಮ್ಮದೊಂದು ಫೋಟೋ ಅಂಗಡಿ ಇದೆ. ಪಾಸ್‌ಪೋರ್ಟ್ ಸೈಜು, ಲ್ಯಾಮಿನೇಷನ್, ಶಾಲೆಯ ಮಕ್ಕಳ ಐಡಿ ಫೋಟೋ, ಎಲ್ಲ ಉಂಟು. ಆದರೆ ಇವರ ಜೀವ ಇರುವುದು ಬೇರೆ ಕೆಲಸದಲ್ಲಿ. ಹರಿದ, ಮಾಸಿದ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಳೆಯ ಫೋಟೋಗಳನ್ನು ಮನೆಗೆ ತಂದು ರಿಪೇರಿ ಮಾಡುತ್ತಾರೆ. ಮೊದಲು ಕುಂಚ ಹಿಡಿದು ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಮೌಸ್ ಹಿಡಿದು. ಇದಕ್ಕೆಂದೇ ಪೆನ್ನಿನಂಥದ್ದು ಸಿಗುತ್ತದೆ ಎಂದು ಎಲ್ಲರೂ ಹೇಳಿದರೂ ಒಪ್ಪಲಿಲ್ಲ, ಕೈ ಮೌಸಿಗೆ ಒಗ್ಗಿಹೋಗಿತ್ತು. ಲೋಣಾವಳಾದಿಂದಲೂ ಲೋಕಲ್ ರೈಲು ಹತ್ತಿ ಜನ ಬರುತ್ತಾರೆ. ತರುವುದೆಲ್ಲ ಹೆಚ್ಚು ಕಡಿಮೆ ಸತ್ತವರ ಫೋಟೋಗಳು. ಇದ್ದವರದು ಮೊಬೈಲಿನಲ್ಲೇ ರಾಶಿ ಇರುತ್ತವಲ್ಲ?

ಇವರ ಹಳೆಯ ಕಂಪ್ಯೂಟರ್ ಎಷ್ಟು ನಿಧಾನವೆಂದರೆ, ಅದು ಒಂದು ಫೋಟೋ ತೆರೆಯುವಷ್ಟರಲ್ಲಿ ನಾನು ಅವಲಕ್ಕಿ ಒಗ್ಗರಣೆ ಹಾಕಿ ಮುಗಿಸುತ್ತಿದ್ದೆ. ನನ್ನ ತಂಗಿಯ ಮಗಳು ಅಪೂರ್ವಾಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ಬೆಂಗಳೂರಿನಲ್ಲಿ ಬೆಳೆದ ಹುಡುಗಿ, ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ. ವಾರವಿಡೀ ಟ್ರಾಫಿಕ್ಕಿನಲ್ಲಿ ಬೆಂದು ಶನಿವಾರ ನಮ್ಮಲ್ಲಿ ಊಟಕ್ಕೆ ಬರುತ್ತಾಳೆ. ಅವಳೇ ಹಟ ಹಿಡಿದು ಅಪ್‌ಗ್ರೇಡ್ ಮಾಡಿಸಿದಳು. ಹೊಸ ಮದರ್‌ಬೋರ್ಡ್, ಹೊಸ ಗ್ರಾಫಿಕ್ಸ್ ಕಾರ್ಡ್, ಟೀವಿಯಷ್ಟು ದೊಡ್ಡ ಮಾನಿಟರ್. ಜೊತೆಗೆ ವೈರಿಲ್ಲದ ಹೊಸ ಮೌಸ್.

ಸಮಸ್ಯೆ ಆ ಮೌಸಿನಿಂದಲೇ ಶುರುವಾಯಿತು.

ಕರ್ಸರ್ ಒಂದು ಕಡೆ ನಿಲ್ಲುವುದಿಲ್ಲ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ. ಹಿಡಿದು ಎಳೆದದ್ದನ್ನು ನಡುದಾರಿಯಲ್ಲಿ ಬಿಟ್ಟುಬಿಡುತ್ತದೆ. ಪಕ್ಕದ ನಿಗಡಿ ಊರಿನ ಯಾರದೋ ಮದುವೆಯ ಫೋಟೋ ಹೋಗಿ ಇನ್ಯಾರದೋ ತಿಥಿಯ ಫೋಲ್ಡರಿನಲ್ಲಿ ಕೂತಿತ್ತು. (ನಾನು ನಕ್ಕೆ. ಇವರು ನಗಲಿಲ್ಲ.)

ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಸಚಿನ್‌ಗೆ ಫೋನ್ ಹೋಯಿತು. ಅವನು ಬಂದ, ಕೂತ, ಮೌಸ್ ಆಡಿಸಿದ. ಕಾಕಾ, ಹೇ ಮಸ್ತ್ ಚಾಲತಯ, ಚೆನ್ನಾಗಿಯೇ ನಡೀತಿದೆ, ಎಂದ. ಚಹಾ ಕುಡಿದು ಹೋದ. ಅವನ ಗಾಡಿಯ ಸದ್ದು ಮರೆಯಾಗುವ ಮೊದಲೇ ಕರ್ಸರ್ ಮತ್ತೆ ಕುಣಿಯತೊಡಗಿತು.

‘ಬ್ಯಾರೇದವ್ರು ಕುಂತಾಗ ಸುಮ್ನಿರ್ತದ. ನಾ ಕುಂತ್ರ ಕುಣೀತದ. ಇದಕ್ಕ ನನ್ನ ಮ್ಯಾಲ ಏನೋ ಸಿಟ್ಟದ,’ ಎಂದರು ಇವರು.

ಆಮೇಲಿನದು ನಿಮಗೂ ಪರಿಚಿತವೇ ಇರಬೇಕು. ಮೌಸಿನ ಆ ಚಿಕ್ಕ ರಿಸೀವರನ್ನು ಕ್ಯಾಬಿನೆಟ್ಟಿನ ಹಿಂದಿನಿಂದ ತೆಗೆದು ಮುಂದೆ ಹಾಕಿದ್ದಾಯಿತು. ಪಕ್ಕದ ಪೋರ್ಟಿನ ಹಾರ್ಡ್ ಡಿಸ್ಕು ಅಡ್ಡಿ ಮಾಡುತ್ತಿರಬಹುದೆಂದು ಅಪೂರ್ವಾ ಹೇಳಿದಳು, ಒಂದು ಎಕ್ಸ್‌ಟೆನ್ಷನ್ ವೈರು ಬಂತು. ಬ್ಯಾಟರಿ ಬದಲಾಯಿತು. ಡ್ರೈವರ್ ಕಿತ್ತು ಹೊಸದು ಹಾಕಿದ್ದಾಯಿತು. ಮೇಜಿನ ಮೇಲೆ ಗಾಜಿದೆ, ಮೌಸಿಗೆ ಗಾಜು ಆಗಿಬರುವುದಿಲ್ಲ ಎಂದು ಯಾರೋ ಹೇಳಿದರು. ಗಾಜು ತೆಗೆದೆವು. ಹಳೆಯ ಮೌಸ್ ಹುಡುಕಿ ಹಾಕಿದರೆ ಕುಣಿತ ತುಸು ಕಡಿಮೆಯಾಯಿತು. ಹಾಗಾದರೆ ಹೊಸ ಮೌಸಿನದೇ ದೋಷ ಎಂದು ತೀರ್ಮಾನಿಸಿ ಇನ್ನೊಂದು ತಂದೆವು. ಅದು ಮೊದಲಿನದಕ್ಕಿಂತ ಹೆಚ್ಚು ಕುಣಿಯಿತು.

ಒಂದು ವಸ್ತು ಕೆಟ್ಟಾಗ ನಾವು ಮೊದಲು ಬೈಯುವುದು ಯಾವುದನ್ನು? ಹೊಸದಾಗಿ ಬಂದದ್ದನ್ನು. ಹೊಸ ಸೊಸೆ, ಹೊಸ ಬಾಡಿಗೆದಾರ, ಹೊಸ ಮೌಸ್. ಮನೆಯಲ್ಲಿ ಮೊದಲಿನಿಂದ ಇದ್ದದ್ದನ್ನು ಯಾರು ಅನುಮಾನಿಸುತ್ತಾರೆ?

ಈ ನಡುವೆ ಇವರ ಕೈಯಲ್ಲಿ ಒಂದು ಕೆಲಸ ಬಾಕಿಯಿತ್ತು. ಮಂದಾತಾಯಿ ಎಂಬ ಹೆಂಗಸು ಕೊಟ್ಟಿದ್ದು. ಅವರ ಗಂಡ ಮಿಲಿಟರಿ ಡಿಪೋದಲ್ಲಿ ಡ್ರೈವರ್ ಆಗಿದ್ದವರು, ಹೋದ ವರ್ಷ ತೀರಿಕೊಂಡರು. ವರ್ಷಶ್ರಾದ್ಧಕ್ಕೆ ಫೋಟೋ ಬೇಕಿತ್ತು. ಮಂದಾತಾಯಿಗೆ ಇಷ್ಟವಾದ ಫೋಟೋ ಇದ್ದದ್ದು ಒಂದೇ. ಅದೂ ಮಳೆಯ ನೀರು ಇಳಿದು ಫ್ರೇಮಿನ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸುವಾಗ ಎಡಗಣ್ಣಿನ ಭಾಗ ಗಾಜಿನ ಜೊತೆಗೇ ಕಿತ್ತುಬಂದಿತ್ತು.

ಬಲಗಣ್ಣನ್ನೇ ತಿರುಗಿಸಿ ಎಡಕ್ಕೆ ಅಂಟಿಸುವುದು ಸುಲಭದ ಉಪಾಯ. ಎಲ್ಲರೂ ಅದನ್ನೇ ಮಾಡುತ್ತಾರೆ. ಇವರು ಮಾಡುವುದಿಲ್ಲ. ಯಾವ ಮನುಷ್ಯನ ಎರಡು ಕಣ್ಣೂ ಒಂದೇ ತರಹ ಇರುವುದಿಲ್ಲ ಎನ್ನುತ್ತಾರೆ. ಅಂಗಡಿಯಲ್ಲಿ ಮಂದಾತಾಯಿಯನ್ನು ಕೂರಿಸಿಕೊಂಡು ಕೇಳಿದ್ದರು. ಎಡಗಣ್ಣು ಸ್ವಲ್ಪ ಸಣ್ಣದು, ನಗುವಾಗ ಅದೇ ಮೊದಲು ಮುಚ್ಚುತ್ತಿತ್ತು ಎಂದು ಆಕೆ ನೆನಪಿಸಿಕೊಂಡು ಹೇಳಿದ್ದರಂತೆ. ಹೇಳುವಾಗ ತಾನೂ ನಕ್ಕಿದ್ದರಂತೆ. ಹಾಗೇ ಮಾಡಿಕೊಡುತ್ತೇನೆ ಎಂದು ಇವರು ಮಾತು ಕೊಟ್ಟಿದ್ದರು.

ಈಗ ಆ ಕಣ್ಣಿನ ರೆಪ್ಪೆ ಎಳೆಯಲು ಹೋದರೆ ಗೆರೆ ಹಲ್ಲುಹಲ್ಲಾಗಿ ಬರುತ್ತಿತ್ತು. ಅಳಿಸುತ್ತಿದ್ದರು, ಎಳೆಯುತ್ತಿದ್ದರು, ಅಳಿಸುತ್ತಿದ್ದರು.

ಅಪೂರ್ವಾಗೆ ಕನಿಕರ ಬಂತು. ಆ ಫೋಟೋವನ್ನು ತನ್ನ ಮೊಬೈಲಿನ ಯಾವುದೋ ಆ್ಯಪಿಗೆ ಹಾಕಿದಳು. ನೀರು ಕುಡಿಯುವಷ್ಟರಲ್ಲಿ ಡ್ರೈವರ್ ಸಾಹೇಬರು ಎರಡೂ ಕಣ್ಣು ಅರಳಿಸಿಕೊಂಡು, ಗಲ್ಲ ಹೊಳೆಯಿಸಿಕೊಂಡು ಎದ್ದು ಬಂದರು. ಇವರು ಕನ್ನಡಕ ಏರಿಸಿ ನೋಡಿದರು. ‘ಭಾಳ ಛಂದ ಅದಾನ. ಆದ್ರ ಇಂವ ಯಾರು?’ ಎಂದರು. ಅವಳು ಫೋನ್ ಒಳಗಿಟ್ಟಳು.

ಆ ಶನಿವಾರವೇ ಅವಳಿಗೆ ಇನ್ನೊಂದು ಹೊಳೆಯಿತು. ತೊಂದರೆ ಹೇಗಾಗುತ್ತದೆಂದು ವಿಡಿಯೋ ಮಾಡಿ ಸಚಿನ್‌ಗೆ ಕಳಿಸಿದರೆ ಅವನಿಗೆ ಗೊತ್ತಾಗಬಹುದಲ್ಲ? ಇವರ ಬೆನ್ನ ಹಿಂದೆ ನಿಂತು ಮಾನಿಟರು, ಮೌಸು ಎರಡೂ ಕಾಣುವಂತೆ ಚಿತ್ರೀಕರಿಸಿಕೊಂಡಳು. ಕಳಿಸುವ ಮೊದಲು ಅಡುಗೆಮನೆಗೆ ಬಂದು ನೋಡಿದಳು. ಮತ್ತೆ ನೋಡಿದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ.

‘ದೊಡ್ಡಮ್ಮ, ಸ್ಕ್ರೀನ್ ನೋಡ್ಬೇಡಿ. ದೊಡ್ಡಪ್ಪನ ಕೈ ನೋಡಿ,’ ಎಂದಳು.

ನೋಡಿದೆ. ಬಲಗೈ ಮೌಸಿನ ಮೇಲೆ ಸುಮ್ಮನೆ ಇತ್ತು. ಏನೂ ಮಾಡುತ್ತಿರಲಿಲ್ಲ. ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ತಾನು, ಕಾಣದ ಮಣಿಯೊಂದನ್ನು ಹೊರಳಿಸಿದ ಹಾಗೆ, ಅಲುಗುತ್ತಲೇ ಇತ್ತು.

ಇತ್ತೀಚೆಗೆ ಚಹಾ ಅರ್ಧ ಕಪ್ ಸಾಕು ಎನ್ನುತ್ತಿದ್ದರು. ಸಕ್ಕರೆಯ ಭಯವಿರಬೇಕು ಎಂದುಕೊಂಡಿದ್ದೆ.

ಊಟಕ್ಕೆ ಬಡಿಸಿದೆವು. ಅವರು ತಿನ್ನುವುದನ್ನು ನೋಡದಂತೆ ನಟಿಸುತ್ತ ನೋಡಿದೆವು. ಅಪೂರ್ವಾ ಬೇಗ ಹೊರಟಳು. ಹೇಗೆ ಹೇಳುವುದು? ರೀ, ಮೌಸು ಸರಿ ಇದೆ, ಎಂದೇ? ಮರುದಿನ ಬೆಳಿಗ್ಗೆ ನನಗೆ ತೋಚಿದ್ದು ಒಂದೇ. ಅವರು ಮತ್ತೆ ಆ ಕಣ್ಣಿನ ಮುಂದೆ ಕೂತು ಒದ್ದಾಡುತ್ತಿದ್ದಾಗ, ಸ್ವಲ್ಪ ಸರೀರಿ, ನಾ ನೋಡ್ತೀನಿ, ಎಂದೆ. ಅವರು ಎದ್ದು ಕುರ್ಚಿ ಬಿಟ್ಟರು. ನಾನು ಮೌಸ್ ಹಿಡಿದು, ಫೋಟೋದ ಖಾಲಿ ಮೂಲೆಯಲ್ಲಿ ಒಂದು ಗೆರೆ ಎಳೆದೆ.

ಗೆರೆ ನೆಟ್ಟಗೆ ಬಂತು. ಚಿತ್ರ ಬಿಡಿಸಲು ಬಾರದ, ರಂಗೋಲಿಯೂ ಸೊಟ್ಟಗೆ ಹಾಕುವ ನನ್ನ ಕೈಯಿಂದ, ನೂಲು ಎಳೆದಂತೆ ಬಂತು.

ಅವರು ಆ ಗೆರೆಯನ್ನು ನೋಡಿದರು. ಇನ್ನೊಂದು ಎಳಿ, ಎಂದರು. ಎಳೆದೆ. ಅದೂ ನೆಟ್ಟಗೇ ಬಂತು. ನನ್ನ ಕೈಯಡಿಯಿಂದ ಮೌಸ್ ಕಿತ್ತುಕೊಂಡು ಗೋಡೆಗೆ ಎಸೆದದ್ದು ಆಗ.

ಅದು ಕೆಟ್ಟಿದೆ ಎಂದು ಎಸೆದದ್ದಲ್ಲ. ಕೆಟ್ಟಿಲ್ಲ ಎಂದು.

ಡಾಕ್ಟರು ತಾಳ್ಮೆಯ ಮನುಷ್ಯ. ನಡೆಸಿದರು, ತಿರುಗಿಸಿದರು, ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ತಾಗಿಸಿ ತೆಗೆಯಲು ಹೇಳಿದರು. ಒಂದು ಹಾಳೆ ಕೊಟ್ಟು ಏನಾದರೂ ಬರೆಯಿರಿ ಎಂದರು. ಇವರು ಕನ್ನಡದಲ್ಲಿ ತಮ್ಮ ಹೆಸರು, ಊರು ಬರೆದರು. ಡಾಕ್ಟರಿಗೆ ಕನ್ನಡ ಬಾರದು. ಆದರೆ ಅಕ್ಷರಗಳು ಸಾಲಿನುದ್ದಕ್ಕೂ ಸಣ್ಣಗಾಗುತ್ತ ಹೋಗಿ ಕೊನೆಗೆ ಇರುವೆಗಳಾದದ್ದು ಕಾಣಲು ಕನ್ನಡ ಬೇಕಿಲ್ಲ. ಪಾರ್ಕಿನ್ಸನ್ಸ್, ಎಂದರು. ಗುಳಿಗೆಯಿಂದ ಕಡಿಮೆಯಾಗುತ್ತದೆ, ಹೋಗುವುದಿಲ್ಲ, ನಿಧಾನವಾಗಿ ಮುಂದುವರಿಯುತ್ತದೆ ಎಂದು ಮರಾಠಿಯಲ್ಲಿ ವಿವರಿಸಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಇವರು ಹೇಳಿದರು. ಡಾಕ್ಟರು ತಮ್ಮ ಮೇಜನ್ನು ನೋಡತೊಡಗಿದರು.

ಹಾಗಾದರೆ ಹಳೆಯ ಕಂಪ್ಯೂಟರಿನಲ್ಲಿ ಯಾಕೆ ಗೊತ್ತಾಗಲಿಲ್ಲ? ಇದನ್ನು ಅಪೂರ್ವಾ ಬಿಡಿಸಿ ಹೇಳಿದಳು. ಅವಳ ಕಣ್ಣು ಕೆಂಪಾಗಿತ್ತು. ತಾನೇ ಈ ರೋಗ ತಂದುಕೊಟ್ಟೆ ಎಂಬಂತಿತ್ತು ಮುಖ. ‘ದೊಡ್ಡಪ್ಪ, ಆ ಸಿಸ್ಟಮ್ ತುಂಬಾ ಸ್ಲೋ ಇತ್ತಲ್ವಾ? ಮೌಸೂ ಹಳೇದು. ಸಣ್ಣ ಸಣ್ಣ ಅಲುಗಾಟ ಅದಕ್ಕೆ ಗೊತ್ತೇ ಆಗ್ತಿರ್ಲಿಲ್ಲ. ಇದು ಪ್ರತಿಯೊಂದನ್ನೂ ಹಿಡಿಯತ್ತೆ.’

‘ಹಂಗಾದ್ರ ಅದ ಛೊಲೋ ಇತ್ತು ಬಿಡವ್ವ,’ ಎಂದರು ಇವರು, ಅವಳ ತಲೆ ಸವರುತ್ತ. ಎಡಗೈಯಿಂದ.

ಎಲ್ಲವೂ ವೇಗವಾಗಬೇಕು, ಸ್ಪಷ್ಟವಾಗಬೇಕು ಎಂದೇ ಅಲ್ಲವೇ ನಾವು ಅಪ್‌ಗ್ರೇಡ್ ಮಾಡಿಸುವುದು? ಆಯಿತು, ಸ್ಪಷ್ಟವಾಯಿತು. ಇಷ್ಟು ಸ್ಪಷ್ಟ ಯಾರಿಗೆ ಬೇಕಿತ್ತು? (ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದು ಬಂದವರೆಲ್ಲ ಹೇಳುತ್ತಾರೆ. ನಿಜವಿರಬಹುದು. ಹೇಳಿದವರು ಚಹಾ ಪೂರ್ತಿ ಕಪ್ ಕುಡಿದು ಎದ್ದು ಹೋಗುತ್ತಾರೆ.)

ಅಪೂರ್ವಾ ಕರ್ಸರಿನ ವೇಗ ಇಳಿಸಿದಳು. ನಡುಕವನ್ನು ಲೆಕ್ಕಕ್ಕೆ ಹಿಡಿಯದ ಏನೋ ಸಾಫ್ಟ್‌ವೇರ್ ಹಾಕಿಕೊಟ್ಟಳು. ಫೈಲ್ ತೆರೆಯಲು, ಮುಚ್ಚಲು ಪರವಾಗಿಲ್ಲ. ರೆಪ್ಪೆ ಎಳೆಯಲು ಆಗಲಿಲ್ಲ. ಗುಳಿಗೆ ಶುರುವಾಗಿ ದಿನಗಳಾದರೂ ಬೆರಳು ಮಾತು ಕೇಳಲಿಲ್ಲ. ಮಂದಾತಾಯಿಗೆ ಫೋಟೋ ವಾಪಸು ಕೊಡೋಣ ಎಂದೆ. ಮಾತು ಕೊಟ್ಟೀನಿ, ಎಂದರು. ಕೊನೆಗೆ ನಾನು ಮೌಸ್ ಹಿಡಿಯುವುದು, ಅವರು ಪಕ್ಕದಲ್ಲಿ ಕೂತು ಹೇಳುವುದು ಎಂದಾಯಿತು.

ನಾವಿಬ್ಬರೂ ಅಷ್ಟು ಜಗಳವಾಡಿದ್ದು ಅದೇ ಮೊದಲು. ಮ್ಯಾಲ, ಎನ್ನುತ್ತಿದ್ದರು. ಅಷ್ಟಲ್ಲ, ಒಂದೀಟು, ಎನ್ನುತ್ತಿದ್ದರು. ಅದು ಕಣ್ಣು, ಅಂಗಿ ಗುಂಡಿ ಅಲ್ಲ, ಎನ್ನುತ್ತಿದ್ದರು. ಅವರ ಕಣ್ಣಿಗೆ ಕಾಣುತ್ತಿದ್ದದ್ದು ನನ್ನ ಕೈಗೆ ಬರಲೇ ಇಲ್ಲ. ನನ್ನ ಗೆರೆ ನೆಟ್ಟಗಿತ್ತು, ಅಷ್ಟೇ. ಅದರಲ್ಲಿ ನಗು ಇರಲಿಲ್ಲ. ಸಣ್ಣ ಕಣ್ಣು ಮಾಡಲು ಹೋದರೆ ಕುರುಡು ಕಣ್ಣಾಗುತ್ತಿತ್ತು. ಶ್ರಾದ್ಧದ ದಿನ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಅವರು ಕನ್ನಡಕ ತೆಗೆದಿಟ್ಟು, ಬಲಗಣ್ಣು ತಿರುಗಿಸಿ ಹಚ್ಚಿಬಿಡು, ಎಂದರು. ಹಚ್ಚಿದೆ.

ಮಂದಾತಾಯಿ ಅಂಗಡಿಗೆ ಬಂದರು. ಫ್ರೇಮಿನ ಮೇಲಿನ ಕಾಗದ ಬಿಚ್ಚಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು. ‘ಹೇಚ ತೇ. ಅಗದೀ ಅಸೇಚ ಬಘಾಯಚೇ,’ ಎಂದರು. ಅಂದರೆ, ಇವರೇ ಅವರು, ಥೇಟ್ ಹೀಗೇ ನೋಡುತ್ತಿದ್ದರು. ಕಾಕಾನ ಕೈಯಲ್ಲಿ ದೇವರಿದ್ದಾನೆ ಎಂದು ಇವರಿಗೆ ಕೈ ಮುಗಿದರು. ಇವರು ಆ ಕೈಯನ್ನು ಕೌಂಟರಿನ ಕೆಳಗೆ ಇಟ್ಟುಕೊಂಡಿದ್ದರು.

ಅಂಗಡಿಯ ಷಟರ್ ಎಳೆದು ರಿಕ್ಷಾದಲ್ಲಿ ಮನೆಗೆ ಹೊರಟೆವು. ಆಕೆಗೆ ಗೊತ್ತಾಗಲಿಲ್ಲ, ನೀವು ಸುಮ್ಮನೆ ಹೆದರಿದಿರಿ, ಎಂದೆ. ಇವರು ಹೊರಗೆ ನೋಡುತ್ತಿದ್ದರು.

‘ಕಣ್ಣು ಸಣ್ಣದಿತ್ತು ಅಂತ ಹೇಳಿದಾಕಿನ ಆಕಿ,’ ಎಂದರು. ಸ್ವಲ್ಪ ದೂರ ಹೋದ ಮೇಲೆ, ‘ಆಕಿಗೇ ಗೊತ್ತಾಗ್ಲಿಲ್ಲ ಅಂದ್ರ, ಇಷ್ಟು ವರ್ಷ ನಾ ಮಾಡಿದ್ದು ಯಾರಿಗೆ ಗೊತ್ತಾಗಿತ್ತು?’

ಓದುಗರೇ, ನಿಮ್ಮನ್ನೇ ಕೇಳುತ್ತೇನೆ: ನಿಮ್ಮ ಮನೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತವರ ಎಡಗಣ್ಣು ಹೇಗಿತ್ತು, ನೆನಪಿದೆಯೇ?