ಏಳನೆಯ ಹಾಡಿನ ಬುಧವಾರ

ದಿನವೂ ಬೆಳಿಗ್ಗೆ ದೇವರಿಗೆ ಹೂಬತ್ತಿ ಹೊಸೆಯುವಾಗ ಕಾತ್ಯಾಯಿನಿ ಒಂದಿಷ್ಟು ಹತ್ತಿ ಹೆಚ್ಚಿಗೆ ತೆಗೆದು ಡಬ್ಬಿಯಲ್ಲಿಟ್ಟುಕೊಳ್ಳುತ್ತಾರೆ. ಆಕ್ಲೆಂಡಿನ ಮೌಂಟ್ ಆಲ್ಬರ್ಟಿನ ಮನೆಯಿಂದ ಪೆನ್‌ರೋಸಿನ ರೆಕಾರ್ಡಿಂಗ್ ಸ್ಟುಡಿಯೋ ತಲುಪಿದ ಕೂಡಲೇ ಅದನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹಳೆಯ ಟೇಪ್ ಯಂತ್ರದಲ್ಲಿ ಟೇಪು ಸವರಿಕೊಂಡು ಹೋಗುವ ಹೆಡ್ಡುಗಳನ್ನು ಒರೆಸುತ್ತಾರೆ. ಯಂತ್ರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮೈಯಲ್ಲಿ ಜ್ವರವಿದ್ದ ದಿನವೂ ಇದು ತಪ್ಪಿಲ್ಲ.

ಮೈಸೂರು ಆಕಾಶವಾಣಿಯಲ್ಲಿ ಹನ್ನೊಂದು ವರ್ಷ ಟೇಪು ಕತ್ತರಿಸಿ ಅಂಟಿಸಿದ ಕೈ ಅದು. ಗಂಡ ಬದರಿನಾಥರ ಕೆಲಸಕ್ಕೆಂದು ಆಕ್ಲೆಂಡಿಗೆ ಬಂದ ಮೇಲೆ ಸೂಪರ್‌ಮಾರ್ಕೆಟ್ಟಿನ ಬೇಕರಿಯಲ್ಲಿ ಬ್ರೆಡ್ಡಿಗೆ ಚೀಟಿ ಅಂಟಿಸಿತು. ಬೆಂಗಳೂರಿನ ಧೀರಜ್ ಇಲ್ಲೊಂದು ಗೋದಾಮನ್ನು ಸ್ಟುಡಿಯೋ ಮಾಡಿ, ಐವತ್ತು ವರ್ಷದ ಟೇಪ್ ಯಂತ್ರ ಕೊಂಡು, ಓಡಿಸುವವರು ಸಿಗದೆ ಪರದಾಡುತ್ತಿದ್ದಾಗ, ಯುಗಾದಿಯ ಊಟದ ಪಂಕ್ತಿಯಲ್ಲಿ ಪಕ್ಕದೆಲೆಯವರಾಗಿ ಇವರು ಸಿಕ್ಕರು.

ಆ ನವರಾತ್ರಿಯಲ್ಲಿ ಹಾಡಲು ಬಂದವರು ಮೆರೆಆನಾ. ಎಪ್ಪತ್ತಮೂರರ ಹೆಂಗಸು, ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳವಳು, ಒಂದು ಕಾಲಕ್ಕೆ ದೇಶವೆಲ್ಲ ಕೇಳಿದ 'ಸೋಲ್' ಸಂಗೀತದ ಗಾಯಕಿ. ಚರ್ಚಿನಲ್ಲಿ ಕಲಿತ ಹಾಡುಗಾರಿಕೆ. ಪ್ರೇಮದ ಹಾಡು ಕೂಡ ಆಕೆಯ ಬಾಯಲ್ಲಿ ಮೊರೆಯಾಗುತ್ತಿತ್ತು. ಇಂಗ್ಲಿಷ್ ಪದಗಳಲ್ಲಿ ಅರ್ಧ ತಪ್ಪಿಹೋದರೂ ಕಾತ್ಯಾಯಿನಿಗೆ ಆ ಮೊರೆ ತಿಳಿಯುತ್ತಿತ್ತು. ಮೆರೆಆನಾಗೆ ಗಂಟಲಲ್ಲಿ ಗಡ್ಡೆ. ಸೋಮವಾರ ಆಪರೇಷನ್. ಆಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಏಳು ಹಾಡುಗಳ ಆಲ್ಬಂ ಮುಗಿಯಬೇಕಿತ್ತು. ಮಂಗಳವಾರ ಸಂಜೆಗೆ ಆರು ಮುಗಿದವು. ಏಳನೆಯದು, ಆಕೆ ತನ್ನ ತಾಯಿಗಾಗಿ ಕಟ್ಟಿದ್ದು, ಬುಧವಾರಕ್ಕೆ ಉಳಿಯಿತು.

ಬುಧವಾರ ಆಯುಧಪೂಜೆ.

"ಧೀರಜ್, ನಾಳೆ ಮೆಷಿನ್ ಓಡಿಸೋ ಹಾಗಿಲ್ಲಪ್ಪ. ಪೂಜೆ ಮಾಡಿ ಹಾಗೇ ಬಿಡ್ಬೇಕು. ಗುರುವಾರ ಬೆಳಿಗ್ಗೇನೇ ಮಾಡ್ಕೊಳೋಣ್ವಾ?" ಎಂದು ಕಾತ್ಯಾಯಿನಿ ಹಿಂಜರಿಯುತ್ತ ಕೇಳಿದರು.

"ಒಂದು ದಿನ ತಾನೆ ಆಂಟಿ, ಆಗತ್ತೆ," ಎಂದ ಧೀರಜ್. ಆದರೂ ಮೆರೆಆನಾಳ ಕಡೆ ತಿರುಗಿ ವಿಷಯ ಹೇಳಿದ.

ಆಕೆ ಕಾತ್ಯಾಯಿನಿಯನ್ನು ನೋಡಿ ನಕ್ಕಳು. "ಮೆಷಿನ್‌ಗೂ ಹಬ್ಬವಾ? ನಮ್ಮ ಡ್ರಮ್ಮರ್‌ಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿಲ್ಲ. ಅದು ಮಲಗಲಿ ಬಿಡು ಕ್ಯಾತಿ. ಪ್ರಾರ್ಥನೆಯಿಲ್ಲದೆ ನಾವೂ ಯಾವ ಕೆಲಸಕ್ಕೂ ಕೈ ಹಾಕೋದಿಲ್ಲ."

ಬುಧವಾರ ಕಾತ್ಯಾಯಿನಿ ಎಂದಿನಂತೆ ಹೆಡ್ಡುಗಳನ್ನು ಒರೆಸಿ, ಸ್ವಿಚ್ ಹಾಕದೆ, ಯಂತ್ರಕ್ಕೆ ಕುಂಕುಮವಿಟ್ಟು ಸೇವಂತಿಗೆ ಏರಿಸಿದರು. ಬೂದುಗುಂಬಳ ಸಿಕ್ಕಿರಲಿಲ್ಲ, ನಿಂಬೆಹಣ್ಣನ್ನೇ ಒಡೆದರು. ಮೆರೆಆನಾಳ ಗಂಟಲನ್ನು ಕಾಪಾಡು ತಾಯಿ ಎಂದು ಬೇಡಿಕೊಂಡರು.

ಗುರುವಾರ ಒಂಬತ್ತಕ್ಕೆ ಮೆರೆಆನಾ ಮೈಕಿನ ಮುಂದೆ ನಿಂತಳು. ವಾದ್ಯಗಳು ಶುರುವಾದವು. ಆಕೆ ಬಾಯಿ ತೆರೆದಳು. ಬರೀ ಗಾಳಿ. ಬಿಸಿನೀರು ಕುಡಿದು ಮತ್ತೆ ನಿಂತಳು, ಮೂರನೆಯ ಸಲವೂ ನಿಂತಳು. ಕಾತ್ಯಾಯಿನಿಯ ಎದುರು ದನಿಯ ಮೀಟರಿನ ಮುಳ್ಳು ತಳದಲ್ಲೇ ಒಂದಿಷ್ಟು ನಡುಗಿ ಸುಮ್ಮನಾಗುತ್ತಿತ್ತು. ವಾದ್ಯದವರು ಒಬ್ಬೊಬ್ಬರಾಗಿ ಕೈ ತೆಗೆದರು. ಟೇಪು ಮಾತ್ರ ಸುತ್ತುತ್ತಲೇ ಇತ್ತು. ನಿಲ್ಲಿಸಲು ಕಾತ್ಯಾಯಿನಿಗೆ ಕೈ ಬರಲಿಲ್ಲ. ಮೆರೆಆನಾ ಯಂತ್ರದ ಕೋಣೆಗೆ ಬಂದು ತಾನೇ ಗುಂಡಿ ಒತ್ತಿ ನಿಲ್ಲಿಸಿದಳು. ಏಳನೆಯ ಹಾಡು ಮಾತಿಲ್ಲದೆ, ವಾದ್ಯಗಳಲ್ಲೇ ಇರಲಿ ಎಂದು ಧೀರಜ್‌ನ ಕಿವಿಯಲ್ಲಿ ಪಿಸುಗುಟ್ಟಿದಳು. ಕಾತ್ಯಾಯಿನಿಯ ಭುಜ ಸವರಿ ಹೊರಟುಹೋದಳು.

ಬುಧವಾರ ಹಾಡಿದ್ದರೆ ದನಿ ಬರುತ್ತಿತ್ತೇ? ಡಾಕ್ಟರಿಗೂ ಗೊತ್ತಿರಲಾರದು. ಸಂಜೆ ದೀಪ ಹಚ್ಚಿ ಕೂತರೆ, ದೇವರನ್ನು ಕೇಳಲು ಕಾತ್ಯಾಯಿನಿಗೆ ನಾಲಿಗೆ ಏಳುತ್ತಿರಲಿಲ್ಲ. ಕೇಳಿ ಉತ್ತರ ಬಂದರೂ ಮಾಡುವುದೇನಿತ್ತು?

ಆಪರೇಷನ್ ಆಗಿ ಮೂರು ವಾರಕ್ಕೆ, ಕಾತ್ಯಾಯಿನಿ ಹತ್ತಿಯ ಡಬ್ಬಿ ತೆರೆಯುತ್ತಿದ್ದಾಗ ಧೀರಜ್ ಪಕ್ಕಕ್ಕೆ ಬಂದು ಕೂತ.

"ಆಂಟಿ, ಆಲ್ಬಂ ತರೋ ಕಂಪನಿಯವರು ಆ ಬುಧವಾರ ಯಾಕೆ ರೆಕಾರ್ಡಿಂಗ್ ಆಗ್ಲಿಲ್ಲ ಅಂತ ಕೇಳ್ತಿದಾರೆ. ಮೆಷಿನ್ ಕೆಟ್ಟಿತ್ತು ಅಂತ ಬರೆದುಬಿಡ್ತೀನಿ. ನಿಮ್ಮ ಹೆಸರೇ ಬರಲ್ಲ."

ಕಾತ್ಯಾಯಿನಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿದರು.

"ಹಳೇ ಮೆಷಿನ್ ಆಂಟಿ, ಎಲ್ಲಾ ನಂಬ್ತಾರೆ. ಯಾರಿಗೇನು ನಷ್ಟ?"

ಅವರು ಹೆಡ್ಡುಗಳನ್ನು ನಿಧಾನವಾಗಿ ಒರೆಸಿ ಮುಗಿಸಿದರು. ಕಪ್ಪಾದ ಹತ್ತಿಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದರು.

"ಬೇಡಪ್ಪ," ಎಂದರು. "ಅದು ಚೆನ್ನಾಗೇ ಇತ್ತು. ನಾನು ನಿಲ್ಲಿಸಿದ್ದು ಅಂತಲೇ ಬರಿ."