ಗೆಲ್ಲುವ ಮೊದಲೇ ಬೆಂದ ಬಾಡು

ಆ ಹುಡುಗಿ ಇನ್ನು ಮೇಲೆ ಆಡುತ್ತಾಳೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನು ಹೋದ ವರ್ಷ ಸುಮಾರು ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಅವಳು ನನ್ನ ಮಗಳಲ್ಲ, ನೆಂಟರ ಪೈಕಿಯೂ ಅಲ್ಲ. ಆದರೆ ಅವಳ ಆಟ ಕೆಟ್ಟಿದ್ದು ನನ್ನಿಂದ ಎಂಬ ಅನುಮಾನವಿತ್ತು. ಅನುಮಾನ ಏನು ಬಂತು, ನನ್ನಿಂದಲೇ.

ಡಾಕ್ಟರು ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿದೆ, ನಡೆಯಿರಿ ಎಂದದ್ದಕ್ಕೆ ಬೆಳಿಗ್ಗೆ ಆರಕ್ಕೇ ಮನೆ ಬಿಡುತ್ತಿದ್ದೆ. ಮಂಡ್ಯದ ಒಂದು ಹೆಣ್ಣುಮಕ್ಕಳ ಕಾಲೇಜಿನ ಕಾಂಪೌಂಡಿನ ಪಕ್ಕ ಹಾದುಹೋಗುವಾಗ ಒಳಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಿರುವುದು ಕಾಣುತ್ತಿತ್ತು. ಮೊದಲ ದಿನ ನಿಂತೆ, ಎರಡನೆಯ ದಿನ ಕೂತೆ, ಆಮೇಲೆ ನಡೆಯುವುದೇ ನಿಂತುಹೋಯಿತು. ಕಾಂಪೌಂಡಿನ ಎದುರು ಇಡ್ಲಿ ಗಾಡಿ ಇಟ್ಟುಕೊಂಡಿದ್ದ ಹೆಂಗಸು ನನಗಿಂತ ಮೊದಲೇ ಈ ಹುಚ್ಚು ಹಿಡಿಸಿಕೊಂಡಿದ್ದಳು. ಮೂರನೆಯವರು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಒಬ್ಬ ಡ್ರೈವರು. ಹುಡುಗಿಯರು ಅವರನ್ನು ತಾತ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಮೂವರಿಗೂ ಆಟದ ನಿಯಮ ಗೊತ್ತಿರಲಿಲ್ಲ, ಆದರೂ ಅವರ ಪಂದ್ಯಗಳಿಗೆಲ್ಲ ಹಿಂದೆ ಹೋಗುತ್ತಿದ್ದೆವು. ಸೀಟಿ ಯಾಕೆ ಊದುತ್ತಾರೆ ಎಂದು ತಿಳಿಯಲು ಆರು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಸೀಟಿ ಊದಿದಾಗಲೆಲ್ಲ ನಾನು ರೆಫರಿಯನ್ನು ಬೈದಿದ್ದೇನೆ. ತಿಳಿದ ಮೇಲೆ ಬೈಗುಳ ಕಡಿಮೆಯಾಗಲಿಲ್ಲ, ಕಾರಣ ಮಾತ್ರ ಸಿಕ್ಕಿತು.

ಆ ಹುಡುಗಿ ಹಲಗೂರು ಕಡೆಯವಳು, ಹಾಸ್ಟೆಲಿನಲ್ಲಿದ್ದು ಎರಡನೆಯ ವರ್ಷ ಓದುತ್ತಿದ್ದಳು. ಉದ್ದಕ್ಕೆ ಬೆಳೆದಿದ್ದಳು, ಮಾತು ಕಡಿಮೆ. ಅವಳಿಗೆ ಫ್ರೀ ಥ್ರೋ ಸಿಕ್ಕಿತೆಂದರೆ, ಅಂದರೆ ಯಾರೂ ಅಡ್ಡ ಬಾರದೆ ಗೆರೆಯ ಮೇಲೆ ನಿಂತು ರಿಂಗಿಗೆ ಹಾಕುವ ಅವಕಾಶ ಸಿಕ್ಕಿತೆಂದರೆ, ನಾವು ಮೂವರೂ ಉಸಿರು ಬಿಟ್ಟು ನೆಮ್ಮದಿಯಾಗಿ ಕೂರುತ್ತಿದ್ದೆವು. ಬಾಲನ್ನು ಮೂರು ಸಲ ನೆಲಕ್ಕೆ ಕುಟ್ಟುತ್ತಿದ್ದಳು, ತಲೆ ಎತ್ತುತ್ತಿದ್ದಳು, ಹಾಕುತ್ತಿದ್ದಳು. ತಪ್ಪಿದ್ದನ್ನು ನಾನು ಕಂಡಿದ್ದು ತೀರಾ ಅಪರೂಪ.

ಕಾಲೇಜುಗಳ ಕಪ್ಪಿನ ಫೈನಲ್ಲು ಮದ್ದೂರಿನಲ್ಲಿ ಎಂದು ಗೊತ್ತಾಯಿತು. ಎದುರಾಳಿ ಮಳವಳ್ಳಿ ಕಡೆಯ ಒಂದು ಸಣ್ಣ ಕಾಲೇಜು. ಅದೇ ತಂಡವನ್ನು ತಿಂಗಳ ಹಿಂದೆ ನಮ್ಮವರು ಎಷ್ಟು ಸುಲಭವಾಗಿ ಸೋಲಿಸಿದ್ದರೆಂದರೆ, ತಾತ ಆಟ ಮುಗಿಯುವ ಮೊದಲೇ ಟೀ ಕುಡಿಯಲು ಎದ್ದು ಹೋಗಿದ್ದರು. ಹಾಗಾಗಿ ಗೆಲುವಿನ ಊಟದ ಏರ್ಪಾಡು ಶುರುವಾಯಿತು. ತಾತನ ತಂಗಿಯ ಮನೆ ಮದ್ದೂರಿಗೆ ಹತ್ತಿರದ ಹಳ್ಳಿಯಲ್ಲಿತ್ತು. ಅಲ್ಲೇ ಬಾಡೂಟ ಎಂದು ತೀರ್ಮಾನವಾಯಿತು.

"ಗೆದ್ಮೇಲೆ ಮರಿ ಕಡುದ್ರೆ ಹುಡ್ಗೀರು ಉಣ್ಣೋದು ಯಾವಾಗ? ಬಾಡು ಬೇಯಾಕೆ ಒತ್ತು ಬ್ಯಾಡ್ವಾ? ಬೆಳಿಗ್ಗೇನೆ ಕಡ್ಯದು," ಎಂದರು ತಾತ.

ನಮ್ಮ ಕಡೆ ಇಂಥ ಮಾತಿಗೆ ಎದುರಾಡುವವರು ಯಾರೂ ಇಲ್ಲ. ಸೋತರೆ ಏನು ಮಾಡುವುದು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವರ ಮೇಲೆ ಮೊದಲು ಹರಿಹಾಯುತ್ತಿದ್ದವಳು ನಾನೇ. ಇಡ್ಲಿಯವಳು ಹಿಂದಿನ ದಿನವೇ ಮಸಾಲೆ ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಿ ಕಳಿಸಿದಳು. ನಾವು ಮದ್ದೂರಿನ ಬಸ್ಸು ಇಳಿಯುವ ಹೊತ್ತಿಗೆ ಅಲ್ಲಿ ಒಲೆಯ ಮೇಲೆ ಪಾತ್ರೆ ಏರಿತ್ತು.

ಆಟ ನಾವು ಅಂದುಕೊಂಡ ಹಾಗೆ ಇರಲಿಲ್ಲ. ಆ ಒಂದು ತಿಂಗಳಲ್ಲಿ ಮಳವಳ್ಳಿ ಹುಡುಗಿಯರು ಅದೇನು ಮಾಡಿದ್ದರೋ, ಒಬ್ಬೊಬ್ಬಳೂ ಬಾಲಿಗೆ ಅಂಟಿಕೊಂಡಂತೆ ಓಡಿದರು. ನಮ್ಮವರು ಮುಂದೆ, ಅವರು ಮುಂದೆ, ಮತ್ತೆ ನಮ್ಮವರು. ಕೊನೆಯ ಗಳಿಗೆಯಲ್ಲಿ ಅವರಿಗೆ ಒಂದು ಪಾಯಿಂಟು ಹೆಚ್ಚಿತ್ತು. ಆಗ ಅವರಲ್ಲೊಬ್ಬಳು ನಮ್ಮ ಹಲಗೂರಿನವಳ ಕೈಗೆ ಹೊಡೆದಳು, ಸೀಟಿ ಬಿತ್ತು, ಎರಡು ಫ್ರೀ ಥ್ರೋ ಸಿಕ್ಕಿತು. ಒಂದು ಹಾಕಿದರೆ ಸಮ, ಎರಡು ಹಾಕಿದರೆ ಕಪ್ಪು ನಮ್ಮದು.

ಅಂಕಣ ಗಪ್‌ಚುಪ್ಪಾಯಿತು. ಅವಳು ಬಾಲನ್ನು ಒಂದು ಸಲ ಕುಟ್ಟಿದಳು, ಎರಡು ಸಲ ಕುಟ್ಟಿದಳು. ನನಗೆ ತಡೆಯಲಾಗಲಿಲ್ಲ. ಗೆದ್ದೇಬಿಟ್ಟೆವು ಎಂಬ ಸಂತೋಷ ಹೊಟ್ಟೆಯಿಂದ ಮೇಲಕ್ಕೆ ಬಂತು.

"ಅಂಗೇ ಹಾಕ್ಬುಡವ್ವ, ಅಲ್ಲಿ ಸಾರು ಕುದೀತಾ ಅದೆ," ಎಂದು ಕೂಗಿದೆ.

ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು. ಅವಳೂ ನನ್ನ ಕಡೆ ತಿರುಗಿ ನಕ್ಕಳು. ನಕ್ಕ ಮುಖದಲ್ಲೇ ಮೂರನೆಯ ಸಲ ಕುಟ್ಟಿ ಹಾಕಿದಳು. ಬಾಲು ರಿಂಗಿನ ಅಂಚಿಗೆ ಬಡಿದು ಆಚೆ ಬಿತ್ತು. ಎರಡನೆಯದಕ್ಕೆ ಅವಳು ಒಂದೇ ಸಲ ಕುಟ್ಟಿ ಅವಸರದಲ್ಲಿ ಎಸೆದಳು. ಅದು ರಿಂಗನ್ನು ಮುಟ್ಟಲೂ ಇಲ್ಲ. ಮಳವಳ್ಳಿಯವರು ಬಾಲು ಹಿಡಿದುಕೊಂಡರು, ಆಟ ಮುಗಿಯಿತು.

ಸೋತ ಕಡೆಯವರಿಗೆ ಮೊದಲು ಬರುವುದು ಅಳುವಲ್ಲ, ಕಾರಣ. ತಾತ ರಿಂಗು ಒಂದು ಕಡೆ ವಾಲಿದೆ ಎಂದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದರು. ಎದುರು ತಂಡ ಹಾರ್ನ್ ಮಾಡದೆ ಎಡಗಡೆಯಿಂದ ಓವರ್‌ಟೇಕ್ ಮಾಡಿದ ಹಾಗೆ ಆಡಿತು ಎಂದರು. ನಾನು ರೆಫರಿಯನ್ನು ಬೈಯುವುದಕ್ಕೆ ಬಾಯಿ ತೆರೆದು, ಮುಚ್ಚಿಕೊಂಡೆ. ಇಡ್ಲಿಯವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅದು ಎಲ್ಲಕ್ಕಿಂತ ಕಷ್ಟವಾಗಿತ್ತು.

ಅಷ್ಟರಲ್ಲಿ ತಾತನ ಫೋನು ಬಡಿದುಕೊಂಡಿತು. ಅವರ ತಂಗಿ. ಫೋನಿನ ಧ್ವನಿ ನಮಗೆಲ್ಲ ಕೇಳುತ್ತಿತ್ತು. "ಅಣ್ಣ, ಮುದ್ದೆಗೆ ಎಸರು ಇಡ್ಲಾ?"

ತಾತ ಅಂಕಣದ ಕಡೆ ಒಮ್ಮೆ ತಿರುಗಿ ನೋಡಿದರು. ಸೋತೆವು ಎಂದು ತಂಗಿಗೆ ಹೇಳಲು ಅವರಿಗೆ ನಾಲಗೆ ಏಳಲಿಲ್ಲ. ಆದರೆ ಒಂದು ಇಡೀ ಮರಿ ಬೆಂದು ಕೂತಿದೆ. ಕೊನೆಗೆ, "ಇಡು," ಎಂದಷ್ಟೇ ಹೇಳಿ ಫೋನಿಟ್ಟರು.

ನಮ್ಮ ಹುಡುಗಿಯರು ಕಾಲೇಜಿನ ಟೆಂಪೋದಲ್ಲಿ ಕೂತು ಅಳುತ್ತಿದ್ದರು. ಅವರ ಮೇಡಂ ಅವರನ್ನು ಊಟಕ್ಕೆ ಬರಲು ಒಪ್ಪಿಸಿದರು. ಆದರೆ ಹಲಗೂರಿನವಳು ಟೆಂಪೋದಲ್ಲಿರಲಿಲ್ಲ. ಮಾರನೆಯ ದಿನ ರಜಾ, ಊರಿಗೆ ಹೋಗುತ್ತೇನೆ ಎಂದು ಮೇಡಂಗೆ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದಿದ್ದಳು. ನಾನೂ ಇಡ್ಲಿಯವಳೂ ಅವಳ ಹಿಂದೆ ಓಡಿದೆವು.

ಅವಳು ಮಳವಳ್ಳಿ ಬಸ್ಸು ನಿಲ್ಲುವ ಕಡೆ ನಿಂತಿದ್ದಳು, ಹಲಗೂರಿಗೂ ಅದೇ ದಾರಿ. ಸುತ್ತ ಗೆದ್ದ ತಂಡದ ಹುಡುಗಿಯರು, ಜೊತೆಗೆ ಅವರ ಟೀಚರಮ್ಮ. ಅವರೂ ಅದೇ ಬಸ್ಸಿಗೆ ಕಾಯುತ್ತಿದ್ದರು. ಕಪ್ಪನ್ನು ಒಬ್ಬಳು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಿದ್ದಳು. ಇನ್ನೊಬ್ಬಳು ತನ್ನ ಕಡಲೆಕಾಯಿಯಲ್ಲಿ ಅರ್ಧವನ್ನು ನಮ್ಮವಳ ಕೈಗೆ ಸುರಿದಿದ್ದಳು.

"ಬಾ ಮಗ, ಉಂಡ್ಕಂಡು ಓಗು," ಎಂದೆ.

"ಬ್ಯಾಡ ಆಂಟಿ. ಊರ್ಗೆ ಓಯ್ತೀನಿ." ಕೈಯಲ್ಲಿದ್ದ ಕಡಲೆಕಾಯಿ ಒಂದನ್ನು ಒಡೆದು, "ಇನ್ಮೇಲೆ ಆಟನೂ ಬ್ಯಾಡ ನಂಗೆ," ಎಂದಳು.

ನಾನು ಅವಳ ಬ್ಯಾಗಿನ ಪಟ್ಟಿ ಹಿಡಿದುಕೊಂಡೆ. ಇಡ್ಲಿಯವಳು ನನ್ನ ಹಾಗಲ್ಲ. ಅವಳು ಮಳವಳ್ಳಿ ಹುಡುಗಿಯರ ಕಡೆ ತಿರುಗಿ, "ನೀವು ಉಂಡ್ರಾ ಮಕ್ಳಾ?" ಎಂದು ಕೇಳಿದಳು.

"ಬೆಳಿಗ್ಗೆ ಚಿತ್ರಾನ್ನ ತಿಂದಿದ್ದು ಕಣಕ್ಕ," ಎಂದಿತು ಒಂದು ಹುಡುಗಿ.

ನಮ್ಮವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಇವ್ರನ್ನೂ ಕರುದ್ರೆ ಬತ್ತೀನಿ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮನ್ನು ಸೋಲಿಸಿದವರಿಗೆ ನಮ್ಮ ಗೆಲುವಿನ ಬಾಡಾ? ಹಾಗೆಂದು ಹೇಳುವಷ್ಟರಲ್ಲಿ ಇಡ್ಲಿಯವಳು ನನ್ನ ಪಕ್ಕೆಗೆ ಬಲವಾಗಿ ತಿವಿದಳು. ಅವರ ಟೀಚರಮ್ಮ ಸಂಕೋಚದಿಂದ ಬೇಡ ಬೇಡ ಎನ್ನುತ್ತಲೇ ಇದ್ದರು. ಹುಡುಗಿಯರು ಆಗಲೇ ಬ್ಯಾಗು ಹೆಗಲಿಗೇರಿಸಿದ್ದರು. ಟೆಂಪೋ ಎರಡು ಸಲ ಓಡಾಡಿತು.

ಅಂಗಳದಲ್ಲಿ ಚಾಪೆ ಹಾಸಿ ಎಲೆ ಹಾಕಿದ್ದರು. ಮೊದಲು ಆ ಕಡೆ ಅವರು, ಈ ಕಡೆ ನಮ್ಮವರು, ಮಧ್ಯೆ ಮಾತಿಲ್ಲ. ಬಿಸಿ ಮುದ್ದೆ ಬಿತ್ತು, ಮೇಲೆ ಸಾರು ಬಿತ್ತು. ಆಮೇಲೆ ಯಾರು ಯಾವ ಕಡೆ ಎಂಬುದು ಗೊತ್ತಾಗಲಿಲ್ಲ. ಕೈ ಸುಟ್ಟುಕೊಂಡವರು, ಮೂಳೆ ಚೀಪುವವರು, ಇನ್ನೊಂದು ಮುದ್ದೆ ಎನ್ನುವವರು. ತಾತನ ತಂಗಿ ಇಷ್ಟು ಹೊತ್ತಿಗೂ ಗೆದ್ದವರು ಯಾರು ಎಂದು ತಿಳಿಯದೆ, ಕಪ್ಪು ಹಿಡಿದಿದ್ದವಳ ಎಲೆಗೆ ಲಿವರಿನ ತುಂಡೆಲ್ಲ ಬಡಿಸಿ, "ನಮ್ ಮಾನ ಉಳ್ಸಿದೆ ಕಣವ್ವ," ಎಂದು ತಲೆ ಸವರಿದರು. ಆ ಹುಡುಗಿ ಪಿಳಿಪಿಳಿ ನೋಡಿತು. ತಾತ ತಿದ್ದಲಿಲ್ಲ. ನಮ್ಮ ಹುಡುಗಿಯರೇ ಮೊದಲು ನಕ್ಕರು. ಸೋತ ದಿನ ಅಷ್ಟು ನಕ್ಕಿದ್ದು ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ.

ನಾನು ಹಲಗೂರಿನವಳ ಪಕ್ಕ ಕೂತಿದ್ದೆ. ನನ್ನ ಎಲೆಯ ಮುದ್ದೆಯನ್ನು ಇನ್ನೂ ಮುರಿದಿರಲಿಲ್ಲ. "ನಾನು ಕೂಗ್ಬಾರ್ದಾಗಿತ್ತು ಕಣ್ ಮಗ," ಎಂದೆ.

ಬುಡಿ ಆಂಟಿ, ಅದ್ರಿಂದ ಏನಾಯ್ತದೆ ಎಂದು ಹೇಳುತ್ತಾಳೆಂದು ಕಾದೆ. ಎಲ್ಲರೂ ಹಾಗೇ ತಾನೇ ಹೇಳುವುದು? ಅವಳು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ ಆದ ಮೇಲೆ ಹೇಳಿದಳು.

"ಊಂ. ಮೊದಲ್ನೇದು ನಿಮ್ಮಿಂದ್ಲೇ ಓಯ್ತು. ನಗು ಬಂದ್ಬುಡ್ತು."

ನಾನು ತಲೆ ತಗ್ಗಿಸಿದೆ.

"ಎರಡ್ನೇದು ನಂದೇ. ಅದ್ನೂ ನೀವೇ ತಕಬ್ಯಾಡಿ," ಎಂದು ಮತ್ತೆ ಎಲೆಯ ಕಡೆ ಬಗ್ಗಿದಳು.

ಇಷ್ಟು ನೇರವಾಗಿ ನನ್ನ ತಪ್ಪನ್ನು ನನಗೆ ಯಾರೂ ಹೇಳಿರಲಿಲ್ಲ. ನೋವಾಯಿತು ನಿಜ. ಆದರೆ ಅದಾದ ಮೇಲೆ ಎರಡು ಮುದ್ದೆ ಉಂಡೆ. ಸಂಜೆಯ ಬಸ್ಸಿಗೆ ಅವಳು ಮಳವಳ್ಳಿಯವರ ಜೊತೆಯೇ ಹತ್ತಿ ಹೋದಳು. ಆಡುತ್ತೀಯಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಮುಂದಿನ ವಾರವೆಲ್ಲ ಅವಳು ಅಂಕಣಕ್ಕೆ ಬರಲಿಲ್ಲ. ಹಾಸ್ಟೆಲಿಗೆ ಬಂದಿದ್ದಾಳೆ, ಕ್ಲಾಸಿಗೆ ಹೋಗುತ್ತಾಳೆ, ಆಟಕ್ಕೆ ಮಾತ್ರ ಇಲ್ಲ ಎಂದು ಇಡ್ಲಿಯವಳು ಸುದ್ದಿ ತಂದಳು. ಮೂವರೂ ಕಾಂಪೌಂಡಿನ ಹತ್ತಿರ ಕೂತು ಉಳಿದವರ ಆಟ ನೋಡುತ್ತಿದ್ದೆವು. ನೋಡುತ್ತಿದ್ದೆವು ಅಷ್ಟೇ. ನಾನು ತುಟಿ ಬಿಚ್ಚುತ್ತಿರಲಿಲ್ಲ. ತಾತನಿಗೆ ಅದು ಸಹಿಸಲಾಗದೆ, "ರೆಫರೀನಾದ್ರೂ ಬಯ್ಯಮ್ಮ," ಎಂದರು. ಅಭ್ಯಾಸದ ಆಟಕ್ಕೆ ರೆಫರಿ ಎಲ್ಲಿಂದ ಬರಬೇಕು?

ಅದರ ಮುಂದಿನ ಸೋಮವಾರ ನಾನು ಹೋಗುವಷ್ಟರಲ್ಲಿ ಅವಳು ಒಬ್ಬಳೇ ಗೆರೆಯ ಮೇಲೆ ನಿಂತಿದ್ದಳು. ಉಳಿದವರು ಇನ್ನೂ ಬಂದಿರಲಿಲ್ಲ. ನನ್ನನ್ನು ಕಂಡು ಗೇಟಿನ ಕಡೆ ಕೈ ತೋರಿಸಿದಳು.

"ಒಳಕ್ಕೆ ಬನ್ನಿ ಆಂಟಿ. ರಿಂಗಿನ ಕೆಳ್ಗೆ ನಿಂತ್ಕಳಿ. ನಾನು ಹಾಕ್ವಾಗ ಕೂಗಿ."

"ಏನಂತ ಕೂಗ್ಲಿ?"

"ಏನಾರ ಕೂಗಿ. ನಂಗೆ ನಗು ಬರ್ಬೇಕು."

ಹೋಗಿ ನಿಂತೆ. ಅವಳು ಬಾಲು ಕುಟ್ಟಿದಳು. ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಅವಳು ಬಾಲನ್ನು ಕಂಕುಳಲ್ಲಿಟ್ಟುಕೊಂಡು ಕಾದಳು. "ಸುಮ್ಕೆ ನಿಂತ್ಕಳಾಕೆ ಕರುದ್ನಾ?" ಎಂದಳು. ಆಗ ಶುರು ಮಾಡಿದೆ. ಹಲಗೂರಿನ ಬಸ್ಸು ಹೊರಟಿತು ಎಂದು ಕೂಗಿದೆ, ಬಾಲು ಆಚೆ ಬಿತ್ತು. ನಿನ್ನ ಹಾಸ್ಟೆಲಿನ ಉಪ್ಪಿಟ್ಟನ್ನು ನಾಯಿಯೂ ಮೂಸುವುದಿಲ್ಲ ಎಂದು ಕೂಗಿದೆ, ಅವಳ ಭುಜ ಅಲುಗಿತು, ಬಾಲು ಅಂಚಿಗೆ ಬಡಿಯಿತು. ಕಾಂಪೌಂಡಿನ ಆಚೆ ಇಡ್ಲಿಯವಳು ಸೌಟು ಹಿಡಿದು ನಿಂತಿದ್ದಳು. ಹತ್ತನೆಯದೋ ಹನ್ನೊಂದನೆಯದೋ, ನಾನು ತಾತನ ಬಸ್ಸಿನ ಹಾಗೆ ಬಾಯಲ್ಲೇ ಹಾರ್ನ್ ಹೊಡೆದು ಕುಣಿಯುತ್ತಿದ್ದೆ. ಅವಳು ಮೂರು ಸಲ ಕುಟ್ಟಿದಳು, ತಲೆ ಎತ್ತಿದಳು, ಹಾಕಿದಳು. ಬಾಲು ಬಲೆಯೊಳಗಿಂದ ಇಳಿದು ನನ್ನ ಕಾಲ ಹತ್ತಿರ ಬಿತ್ತು. ಅವಳು ನನ್ನ ಮುಖ ನೋಡದೆ, ಕಣ್ಣು ರಿಂಗಿನ ಮೇಲೇ ಇಟ್ಟು, ಬಾಲು ಕೊಡಿ ಎಂದು ಕೈ ಚಾಚಿದಳು. ನನ್ನನ್ನು ಯಾರಾದರೂ ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದಾಗ ಅಷ್ಟು ಸಂತೋಷವಾಗಿದ್ದು ಅದೇ ಮೊದಲು.