ಎಡಕ್ಕೆ ತಿರುಗಿದ ಗಂಟು

ಸತ್ತವರು ಬಂದು ಮಾತಾಡಿಸಿದರು, ಯಾರೋ ಬೆನ್ನ ಹಿಂದೆ ನಿಂತಂತಾಯಿತು ಎಂದು ಯಾರಾದರೂ ಹೇಳಿದರೆ ನಾನು ಎರಡು ಪ್ರಶ್ನೆ ಕೇಳುತ್ತಿದ್ದೆ. ಆವತ್ತು ಏನು ಊಟ ಮಾಡಿದ್ದಿರಿ? ಆಗ ಪಕ್ಕದಲ್ಲಿ ಯಾರಿದ್ದರು? ಈ ಎರಡು ಪ್ರಶ್ನೆಗೇ ಅರ್ಧಕ್ಕರ್ಧ ದೆವ್ವಗಳು ಓಡಿಹೋಗುತ್ತಿದ್ದವು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು, ನಕಾಶೆಯಲ್ಲಿ ಇಲ್ಲದ ಊರನ್ನು ನಂಬುವವನಲ್ಲ. ಸ್ವಭಾವವೂ ಹಾಗೇ ಇದೆ. ಹಾಲು ತಂದವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೋಡುತ್ತೇನೆ, ಬಾಗಿಲಿಗೆ ಕೀಲಿ ಹಾಕಿದ ಮೇಲೂ ಒಮ್ಮೆ ಜಗ್ಗಿ ನೋಡುತ್ತೇನೆ. ಮನೆಯವರು ನನಗೆ ಫೌಜದಾರ ಎಂದು ಹೆಸರಿಟ್ಟು ಬಹಳ ವರ್ಷಗಳಾದವು.

ಅಂಥ ನಾನೇ ಈಗ ಇಂಥದೊಂದು ಸಂಗತಿ ಹೇಳಲು ಕೂತಿದ್ದೇನೆ. ನೀವು ಕೇಳುವ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಆವತ್ತು ಊಟ ಮಾಡಿದ್ದು ಮನೆಯಿಂದ ಕಟ್ಟಿಕೊಂಡು ಹೋದ ಜೋಳದ ರೊಟ್ಟಿ, ಅಗಸಿ ಚಟ್ನಿ. ಪಕ್ಕದಲ್ಲಿದ್ದವಳು ನನ್ನ ಕಾಕಿ, ಚಿಕ್ಕಪ್ಪನ ಹೆಂಡತಿ.

ನಮ್ಮೂರು ಮೊರಬ. ಕಾಕಿಯ ಹೆಸರು ಫಕ್ಕೀರವ್ವ. ಆಕೆಯ ಗಂಡ, ನಮ್ಮ ಹನಮಂತಪ್ಪ ಕಾಕಾ, ಕೆಲವು ವರ್ಷಗಳ ಹಿಂದೆ ತುಪ್ಪರಿಹಳ್ಳದ ಪಾಲಾದ. ಆವತ್ತು ಊರಲ್ಲಿ ಒಂದು ಹನಿ ಮಳೆ ಇರಲಿಲ್ಲ. ಮೇಲೆಲ್ಲೋ ಧಾರವಾಡದ ಕಡೆ ಸುರಿದದ್ದು ಮಧ್ಯಾಹ್ನ ಒಮ್ಮೆಲೇ ಹಳ್ಳಕ್ಕೆ ಬಂತು. ಕಾಕಾ ಗಾಳ ಹಾಕಿಕೊಂಡು ದಂಡೆಯಲ್ಲಿ ಕೂತಿದ್ದ. ಹೊಲದ ಕೆಲಸ ಇಲ್ಲದ ದಿನ ಅವನು ಸಿಗುತ್ತಿದ್ದುದೇ ಅಲ್ಲಿ. ಮೇಲಿನ ಬದುವಿನಲ್ಲಿ ಅವನ ಚಪ್ಪಲಿ ಸಿಕ್ಕವು, ಅವನು ಸಿಗಲಿಲ್ಲ. ಹಳ್ಳ ಇಳಿದ ಮೇಲೆ ದಂಡೆಯ ಜಾಲಿಕಂಟಿ, ಪೊದೆ ಒಂದನ್ನೂ ಬಿಡದೆ ಹುಡುಕಿದೆವು. ಹೆಣ ಕಾಣದೆ ನಾನು ತಾಳಿ ತೆಗೆಯುವುದಿಲ್ಲ ಎಂದು ಕಾಕಿ ಹಟ ಹಿಡಿದಳು. ಹಣೆಗೆ ಕುಂಕುಮ, ಕೈತುಂಬ ಹಸಿರು ಬಳೆ, ಯಾವುದನ್ನೂ ಬಿಡಲಿಲ್ಲ. ಊರವರು ಎದುರಿಗೆ ಸುಮ್ಮನಿದ್ದು ಹಿಂದೆ ಆಡಿಕೊಂಡರು. ಸಂಜೆ ಹೊತ್ತು ಹೊರಗೆ ಚಪ್ಪಲಿ ಸದ್ದಾದರೆ ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕಾಕಾ ಗಾಳ ಕಟ್ಟುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ಜೋಳ ಕೊಯ್ದು ಸಿವುಡು ಕಟ್ಟುವುದನ್ನು ನೀವು ನೋಡಿರಬಹುದು. ದಂಟಿನಿಂದಲೇ ದಂಟಿನ ಕಂತೆಯನ್ನು ಸುತ್ತಿ, ತುದಿಗಳನ್ನು ಹುರಿ ಮಾಡಿದಂತೆ ತಿರುವಿ ಒಳಗೆ ಸಿಗಿಸಿಬಿಡುತ್ತಾರೆ. ಅದಕ್ಕೆ ಗಂಟು ಎಂಬುದೇ ಇರುವುದಿಲ್ಲ. ಕಾಕಾ ಮೀನಿನ ಗಾಳವನ್ನೂ ಹಾಗೇ ಕಟ್ಟುತ್ತಿದ್ದ. ನೈಲಾನ್ ದಾರ ಅದಕ್ಕೆಲ್ಲ ನಿಲ್ಲುವುದಿಲ್ಲ, ಜಾರುತ್ತದೆ. ಆದರೆ ಅವನು ಎಂಜಲು ಹಚ್ಚಿ, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ಜಗ್ಗಿದರೆ ಅದು ಬಿಚ್ಚುತ್ತಿರಲಿಲ್ಲ. ಆ ತುದಿಯನ್ನು ಕತ್ತರಿಸುತ್ತಲೂ ಇರಲಿಲ್ಲ. ಚಪ್ಪಟೆಯಾದ ಆ ಬಾಲ ಹಾಗೇ ಉಳಿಯುತ್ತಿತ್ತು. ಇನ್ನೊಂದು ಮಾತು, ಕಾಕಾ ಎಡಚ. ಅವನು ತಿರುವಿದ್ದೆಲ್ಲ ಎಡಕ್ಕೆ ತಿರುಗುತ್ತಿತ್ತು. ನಾನು ಚಿಕ್ಕವನಿದ್ದಾಗ ಅದನ್ನು ನನಗೊಬ್ಬನಿಗೇ ಕಲಿಸಿದ್ದ. ಅವನ ಮಗ ಮಾರುತಿಗೆ ನೀರೆಂದರೆ ಮೊದಲಿನಿಂದಲೂ ಹೆದರಿಕೆ, ಹಳ್ಳದ ಕಡೆ ಸುಳಿಯುತ್ತಿರಲಿಲ್ಲ.

ಹೋದ ದೀಪಾವಳಿ ರಜೆಯಲ್ಲಿ ಎಲ್ಲರೂ ಸೇರಿ ಸಮುದ್ರಕ್ಕೆ ಹೋಗುವುದೆಂದಾಯಿತು. ಮಕ್ಕಳಿಗೆ ಬೀಚು, ನಮಗೆ ಮೀನೂಟ. ಅದರೊಳಗೆ ಇನ್ನೊಂದು ಕೆಲಸವೂ ಇತ್ತು. ಎರಡನೆಯ ದಿನ ಬೆಳಿಗ್ಗೆ ಗೋಕರ್ಣದಲ್ಲಿ ಕಾಕಾನ ಕ್ರಿಯೆ ಮುಗಿಸುವುದು, ಕಾಕಿ ತಾಳಿ ತೆಗೆಯುವುದು. ದೇಹ ಸಿಗದವರಿಗೂ ಅಲ್ಲಿ ಮಾಡಿಸುತ್ತಾರೆ. ಕಾಕಿಯನ್ನು ಒಪ್ಪಿಸಿದವನು ನಾನೇ. ಒಂದು ತಿಂಗಳು ಬಿಡದೆ ಹೇಳಿದ್ದೆ. ಕೊನೆಗೆ ಆತು ಬಿಡು ಎಂದಿದ್ದಳು. ಆದರೆ ಆ ಆತು ಬಿಡು ಎಂಬ ಮಾತು ಗಟ್ಟಿ ಇದೆಯೇ ಎಂದು ನನಗೆ ಅನುಮಾನವೇ ಇತ್ತು.

ಅನುಮಾನ ದಾರಿಯಲ್ಲೇ ಹೆಚ್ಚಾಯಿತು. ಗಾಡಿ ಘಟ್ಟ ಇಳಿಯುವಾಗ ಕಾಕಿ ಕಿಟಕಿಯಿಂದ ಹೊರಗೆ ನೋಡುತ್ತ, ನಮ್ಮ ಹಳ್ಳದ ನೀರು ಇದೇ ಸಮುದ್ರಕ್ಕೆ ಬರುತ್ತದೆಯೇ ಎಂದು ಕೇಳಿದಳು. ನಾನು ಮಾಸ್ತರಿಕೆಗೆ ಇಳಿದೆ. ತುಪ್ಪರಿಹಳ್ಳ ಬೆಣ್ಣಿಹಳ್ಳಕ್ಕೆ, ಅದು ಮಲಪ್ರಭೆಗೆ, ಮಲಪ್ರಭೆ ಕೃಷ್ಣೆಗೆ, ಕೃಷ್ಣೆ ಮೂಡಣ ಸಮುದ್ರಕ್ಕೆ. ಇದು ಪಡುವಣ ಸಮುದ್ರ, ನಮ್ಮ ಹಳ್ಳದ ಒಂದು ಹನಿಯೂ ಇಲ್ಲಿಗೆ ಬರುವುದಿಲ್ಲ ಎಂದೆ. ನೀರಿಗೆ ದಿಕ್ಕು ನೀನೇ ಕಲಿಸಿದವನೇನು ಎಂದಳು ಕಾಕಿ. ಎಲ್ಲರೂ ನಕ್ಕರು. ಆಕೆ ನಗಲಿಲ್ಲ.

ಸಂಜೆ ಬೀಚಿಗೆ ಹೋದೆವು. ದಂಡೆಯ ಮೇಲೆ ಒಬ್ಬ ಚಹಾದ ಅಂಗಡಿಯವ ಮೀನು ಹಿಡಿಯುವ ಉದ್ದನೆಯ ಕೋಲುಗಳನ್ನು ಬಾಡಿಗೆಗೆ ಕೊಡುತ್ತಿದ್ದ. ರೀಲು, ದಾರ, ತೂಕಕ್ಕೆ ಸೀಸದ ಗುಂಡು, ಅದರ ಮೇಲೆ ಎರಡು ಗಾಳ. ಅಲೆ ಒಡೆಯುವ ಜಾಗ ದಾಟಿ ಬೀಸಿ ಎಸೆದು, ದಾರ ಬಿಗಿ ಹಿಡಿದು ನಿಂತರೆ ಆಯಿತು. ಅವನು ನನ್ನ ಕಣ್ಣೆದುರೇ ಎರಡೂ ಗಾಳ ಕಟ್ಟಿ ತುದಿಗಳನ್ನು ಗಿಡ್ಡವಾಗಿ ಕತ್ತರಿಸಿದ. ಬಾಡಿಗೆಗೆ ಏನು ತೆಗೆದುಕೊಂಡರೂ ಮೊದಲು ಫೋಟೋ ತೆಗೆದಿಡುವುದು ನನ್ನ ರೂಢಿ, ನಾಳೆ ಮುರಿದಿದೆ, ಹರಿದಿದೆ ಎಂದು ತಕರಾರು ಬರಬಾರದಲ್ಲ. ಕೋಲು, ರೀಲು, ಗಾಳ ಎಲ್ಲವನ್ನೂ ಹತ್ತಿರದಿಂದ ಫೋಟೋ ತೆಗೆದೆ. ಅವನಿಗೆ ಸಿಟ್ಟು ಬಂದದ್ದು ಕಾಣಿಸಿತು.

ಗಾಳಕ್ಕೆ ಸಿಕ್ಕಿಸಲು ಸಿಗಡಿಯ ತುಂಡು ಕೊಟ್ಟಿದ್ದ. ಒಂದಕ್ಕೆ ಅದನ್ನು ಸಿಕ್ಕಿಸಿದೆ. ಅಷ್ಟರಲ್ಲಿ ಕಾಕಿ ಬುತ್ತಿಯಿಂದ ರೊಟ್ಟಿ ಮುರಿದು, ಅಗಸಿ ಚಟ್ನಿ ಹಾಕಿ, ನೀರು ಚಿಮುಕಿಸಿ ಅಂಗೈಯಲ್ಲಿ ನಾದತೊಡಗಿದಳು. ಕಾಕಾ ಹಳ್ಳದಲ್ಲಿ ಹಾಕುತ್ತಿದ್ದುದು ಇದನ್ನೇ. ಇನ್ನೊಂದಕ್ಕೆ ಇದನ್ನು ಹಾಕು ಎಂದು ಕೊಟ್ಟಳು. ಅಂಗಡಿಯವ ನಕ್ಕ. ಇದು ಕೆರೆಯಲ್ಲ, ಮೊದಲ ಅಲೆಗೇ ಕರಗಿ ಹೋಗುತ್ತದೆ ಎಂದ. ನನಗೂ ಹಾಗೇ ಅನ್ನಿಸಿತು, ಆದರೆ ಆವತ್ತು ಆಕೆಗೆ ಇಲ್ಲ ಅನ್ನುವ ಮನಸ್ಸಾಗಲಿಲ್ಲ. ಆ ಗುಳಿಗೆಯನ್ನು ನಾನೇ ಗಾಳಕ್ಕೆ ಒತ್ತಿದೆ. ಗಾಳ ನನ್ನ ಬೆರಳಲ್ಲೇ ಇತ್ತು, ಅದರ ಕಟ್ಟು ಫೋಟೋದಲ್ಲಿದ್ದಂತೆಯೇ ಇತ್ತು. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ.

ಮಾರುತಿ ದೂರದಲ್ಲಿ ಒಣ ಮರಳಿನ ಮೇಲೆ ಮಕ್ಕಳೊಂದಿಗೆ ಕೂತಿದ್ದ. ನನ್ನ ಹೆಂಡತಿಯೂ ಅಲ್ಲೇ ಇದ್ದಳು. ಮೊಣಕಾಲು ನೀರಿನಲ್ಲಿ ನಿಂತವನು ನಾನೊಬ್ಬ, ನನ್ನ ಹಿಂದೆ ಸೀರೆ ಎತ್ತಿ ಹಿಡಿದು ನಿಂತವಳು ಕಾಕಿ. ಬೀಸಿ ಎಸೆದೆ. ದಾರ ಬಿಗಿಯಾಯಿತು. ಅಲೆ ಬಂದಾಗೊಮ್ಮೆ ಕೋಲು ತೂಗುತ್ತಿತ್ತು, ಮೀನೋ ಅಲೆಯೋ ತಿಳಿಯುತ್ತಿರಲಿಲ್ಲ. ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಒಂದು ಜಗ್ಗು ಬಂತು. ಅದು ಮೀನು ಜಗ್ಗಿದ ಹಾಗಿರಲಿಲ್ಲ. ನಾವು ದಾರ ಬಿಗಿ ಕೂತಿದೆಯೇ ಎಂದು ನೋಡಲು ಒಮ್ಮೆ ಎಳೆದು ಬಿಡುತ್ತೇವಲ್ಲ, ಹಾಗಿತ್ತು. ಕೋಲು ಒಂದು ಕ್ಷಣವೂ ನನ್ನ ಕೈಬಿಟ್ಟಿರಲಿಲ್ಲ. ರೀಲು ಸುತ್ತತೊಡಗಿದೆ.

ಸಿಗಡಿ ಸಿಕ್ಕಿಸಿದ್ದ ಗಾಳ ಖಾಲಿ ಬಂತು. ರೊಟ್ಟಿಯ ಗುಳಿಗೆ ಹೋದದ್ದು ಹೋದ ಹಾಗೇ ಬಂತು. ನಾನು ನಕ್ಕು, ನೋಡು ಕಾಕಿ, ಕರಗಲೇ ಇಲ್ಲ ಎನ್ನುತ್ತ ಅದನ್ನು ಬಿಡಿಸಲು ಹೋದೆ. ಗುಳಿಗೆಯ ಮೇಲೆ ದಾರದ ತುದಿ ಉದ್ದಕ್ಕೆ ಚಾಚಿಕೊಂಡಿತ್ತು. ತುದಿ ಚಪ್ಪಟೆಯಾಗಿತ್ತು. ಗಾಳದ ಕೊರಳಿಗೆ ದಾರ ಸಿವುಡಿನ ಹಾಗೆ ಸುತ್ತಿ, ತಿರುವಿ, ಒಳಗೆ ಸಿಗಿಸಿತ್ತು. ತಿರುವು ಎಡಕ್ಕಿತ್ತು.

ಅದನ್ನು ಮುಚ್ಚಿಡಬೇಕು ಎಂದು ನನಗೆ ಹೊಳೆಯುವಷ್ಟರಲ್ಲಿ ಕಾಕಿ ಕೈ ಚಾಚಿ ಹಿಡಿದುಕೊಂಡಿದ್ದಳು. ಎಷ್ಟೋ ವರ್ಷ ಗಂಡನ ಅಂಗಿ ಒಗೆಯುವ ಮೊದಲು ಜೇಬಿನಿಂದ ಆ ಗಾಳಗಳನ್ನು ತೆಗೆದಿಟ್ಟವಳು ಆಕೆ. ನೋಡುವ ಅಗತ್ಯವೂ ಇರಲಿಲ್ಲ, ಬೆರಳಿನಿಂದ ಸವರಿದಳು.

"ತಮ್ಮಾ, ಇದನ್ನ ನೀ ಕಟ್ಟಿಯೇನು?"

"ಇಲ್ಲ ಕಾಕಿ."

"ಖರೇ ಹೇಳು. ನೀ ಕಟ್ಟಿದ್ದರ ಕಟ್ಟೇನಿ ಅನ್ನು, ನಾ ಸಿಟ್ಟಾಗಂಗಿಲ್ಲ."

ಹೌದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ತಿಂಗಳು ಹೇಳಿ ಒಪ್ಪಿಸಿದ ಕೆಲಸ ಮರುದಿನ ಸುಸೂತ್ರವಾಗಿ ಆಗುತ್ತಿತ್ತು. ಅದು ನನಗೆ ಆ ಕ್ಷಣವೇ ಗೊತ್ತಿತ್ತು. ಆದರೆ ಆಕೆಯ ಮುಖ ನೋಡಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಾ ಕಟ್ಟಿಲ್ಲ ಎಂದೆ.

ಆಮೇಲಿನದು ಬರೀ ಅನುಮಾನದ ಕಥೆ. ನಾನು ಮೊದಲು ಹಿಡಿದದ್ದು ಅಂಗಡಿಯವನನ್ನು. ಅವನು ಗಾಳ ನೋಡಿ, ಇದು ನನ್ನ ಕಟ್ಟಲ್ಲ, ನನ್ನ ಗಾಳ ಬದಲು ಮಾಡಿದಿರಾ ಎಂದು ನನ್ನ ಮೇಲೇ ಬಂದ. ಫೋಟೋ ತೋರಿಸಿದೆ. ಗಾಳ ಅವನದೇ, ಕಟ್ಟು ಮಾತ್ರ ಬೇರೆ. ಅವನು ಫೋಟೋ ನೋಡಿದ, ಗಾಳ ನೋಡಿದ, ನನ್ನನ್ನು ನೋಡಿದ. ಗಾಳದ ಸಮೇತ ಅಷ್ಟು ದಾರ ಕತ್ತರಿಸಿ ಕೊಟ್ಟು, ತಗೊಂಡು ಹೋಗಿ ಎಂದ. ಲಾಡ್ಜಿಗೆ ಬರುವಷ್ಟರಲ್ಲಿ ನಮ್ಮವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆ ಕಟ್ಟು ಬಲ್ಲವರು ಇಬ್ಬರೇ, ಒಬ್ಬ ಹೋದ, ಇನ್ನೊಬ್ಬ ನೀವು ಎಂದಳು ಹೆಂಡತಿ. ಮಾರುತಿಯಂತೂ ಕೆರಳಿದ್ದ.

"ಅಣ್ಣಾ, ನಾಳಿ ಏನು ಐತಿ ಅಂತ ಗೊತ್ತಿದ್ದೂ ಹಿಂಗ ಚಾಷ್ಟಿ ಮಾಡ್ತಾರೇನು? ಅವ್ವ ಇನ್ನ ತಾಳಿ ತಗಿಯಂಗಿಲ್ಲ. ಇನ್ನ ಸಾಯೂತನಕಾ ದಾರಿ ಕಾಯ್ತಾಳ."

ನನಗೂ ಅದೇ ಭಯ. ಜೀವನವಿಡೀ ಎಲ್ಲರನ್ನೂ ಅನುಮಾನಿಸಿದವನು ಆವತ್ತು ಮೊದಲ ಸಲ ಕಟಕಟೆಯಲ್ಲಿ ನಿಂತಿದ್ದೆ. ನನ್ನ ಕೈ ನನಗೆ ತಿಳಿಯದೆ ಆ ಕೆಲಸ ಮಾಡಿತೇ ಎಂದೂ ಯೋಚಿಸಿದೆ. ಕತ್ತರಿಸಿ ಕೊಟ್ಟಿದ್ದ ದಾರದ ಕೊನೆ ಹಿಡಿದು ಲಾಡ್ಜಿನ ದೀಪದಲ್ಲಿ ಹಾಗೆ ಕಟ್ಟಲು ನೋಡಿದೆ. ನನ್ನದು ಬಲಕ್ಕೇ ತಿರುಗುತ್ತಿತ್ತು. ಬೇಕೆಂದು ಎಡಕ್ಕೆ ತಿರುವಿದರೆ ಬಿಚ್ಚಿಹೋಗುತ್ತಿತ್ತು. ನಿದ್ದೆ ಬರಲಿಲ್ಲ.

ಬೆಳಿಗ್ಗೆ ನಾವು ಏಳುವ ಮೊದಲೇ ಕಾಕಿ ಸ್ನಾನ ಮಾಡಿ ಜಗಲಿಯಲ್ಲಿ ಕೂತಿದ್ದಳು. ಗಾಳ ಅಂಗೈಯಲ್ಲಿತ್ತು. ಊರಿಗೆ ಹೋಗೂಣು ಎನ್ನುತ್ತಾಳೆಂದು ನಾನು ಎದೆ ಗಟ್ಟಿ ಮಾಡಿಕೊಂಡು ಎದುರಿಗೆ ಕೂತೆ. ಆಕೆ ಕೇಳಿದ್ದೇ ಬೇರೆ. ಗೋಕರ್ಣಕ್ಕೆ ಗಾಡಿ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಏನು ನೋಡ್ತಿ? ಬದುಕಿದ್ದರ ಬಸ್ ಹತ್ತಿ ಮನಿಗೆ ಬರತಿದ್ದರು. ಸಮುದ್ರದಾಗ ಕುಂತು ಗಾಳ ಯಾಕ ಕಟ್ಟತಿದ್ದರು? ಇಷ್ಟು ದಿನಾ ನನಗ ಅದೊಂದು ತಿಳಿದಿರಲಿಲ್ಲ ನೋಡು."

ಅಷ್ಟು ಹೇಳಿ ಅತ್ತಳು. ಆ ಹಳ್ಳ ಬಂದ ದಿನದಿಂದ ಆಕೆ ಹಾಗೆ ಅತ್ತದ್ದನ್ನು ನಾವು ಯಾರೂ ಕಂಡಿರಲಿಲ್ಲ. ಮಾರುತಿ ಓಡಿ ಬಂದು ಪಕ್ಕದಲ್ಲಿ ಕೂತ. ನನಗೂ ತಡೆಯಲಾಗಲಿಲ್ಲ. ಗೋಕರ್ಣದಲ್ಲಿ ಎಲ್ಲ ಸಾಂಗವಾಗಿ ಆಯಿತು. ಬಳೆ ತೆಗೆದಳು, ತಾಳಿಯನ್ನು ತಾನೇ ಬಿಚ್ಚಿದಳು, ಯಾರ ಕೈಯನ್ನೂ ಹತ್ತಿರ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಗಾಳವನ್ನೂ ನೀರಿಗೆ ಬಿಡುತ್ತಾಳೆಂದುಕೊಂಡಿದ್ದೆ. ಆಕೆ ಅದನ್ನು ತಂದು ನನ್ನ ಕೈಯಲ್ಲಿಟ್ಟಳು.

"ನನ್ನ ಸಂಶೆ ಹೋತು. ನಿಂದ ಇನ್ನೂ ಐತಿ. ಇದನ್ನ ನೀನ ಇಟ್ಕೋ."

ಆಕೆಯ ಮಾತು ಸುಳ್ಳಲ್ಲ. ಊರಿಗೆ ಬಂದ ಮೇಲೂ ಅನುಮಾನ ನನ್ನನ್ನು ಬಿಡಲಿಲ್ಲ, ಕೊನೆಗೆ ಕಾಕಿಯ ಮೇಲೇ ಹೋಗಿ ಕೂತಿತು. ನಾವು ಒಪ್ಪಿಸಿದ್ದಕ್ಕೆ ಒಪ್ಪುವುದು ಬೇಡವಾಗಿ, ತನ್ನದೇ ಒಂದು ಕಾರಣ ಬೇಕಾಗಿ, ಹೇಗೋ ಆಕೆಯೇ ಕಟ್ಟಿರಬಹುದಲ್ಲ? ಜೀವನವಿಡೀ ಸಿವುಡು ಕಟ್ಟಿದ ಕೈ ಅದು. ಸುಗ್ಗಿಯಲ್ಲಿ ಜೋಳ ಕೊಯ್ಯುವಾಗ ನೆವ ಮಾಡಿಕೊಂಡು ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತು ಆಕೆಯ ಕೈಯನ್ನೇ ನೋಡಿದೆ. ಕಾಕಿ ಸಿವುಡಿನ ಮೇಲೆ ಸಿವುಡು ಕಟ್ಟಿ ಹಾಕುತ್ತಿದ್ದಳು. ಎಲ್ಲವೂ ಬಲಕ್ಕೆ ತಿರುಗುತ್ತಿದ್ದವು. ಆಕೆ ತಲೆ ಎತ್ತಿ ನನ್ನನ್ನು ನೋಡಿ, ಫೌಜದಾರಂದು ತಪಾಸಣಿ ಮುಗೀತೇನು ಎಂದಳು. ನಾನು ಎದ್ದು ಬಂದೆ.

ಗಾಳ ನನ್ನ ಮೇಜಿನ ಖಾನೆಯಲ್ಲಿ ಹಳೆಯ ಚಷ್ಮಾದ ಡಬ್ಬಿಯೊಳಗಿದೆ. ಉಪ್ಪು ಹಿಡಿದು ಕಬ್ಬಿಣಕ್ಕೆ ತುಕ್ಕು ಬಂದಿದೆ, ದಾರ ಹಾಗೇ ಇದೆ. ಅದು ಹೇಗೆ ಕಟ್ಟಿದ್ದು, ಕೈಯಿಂದ ಕಟ್ಟಿದ್ದೋ, ಅಲೆಯಲ್ಲಿ ಸುತ್ತಿಕೊಂಡು ತಾನೇ ಹಾಗಾದದ್ದೋ, ಬಿಚ್ಚಿ ನೋಡಿದರೆ ಬಹುಶಃ ತಿಳಿಯುತ್ತದೆ. ಬಿಚ್ಚಿದರೆ ಮತ್ತೆ ಹಾಗೆ ಕಟ್ಟುವವರು ಯಾರೂ ಇಲ್ಲ. ಎಷ್ಟೋ ಸಲ ಡಬ್ಬಿ ತೆರೆದು, ಆ ತುದಿಯನ್ನು ಉಗುರಿನಲ್ಲಿ ಹಿಡಿದು ಕೂತಿದ್ದೇನೆ. ಎಲ್ಲವನ್ನೂ ಜಗ್ಗಿ ನೋಡುವವನು ಅದೊಂದನ್ನು ಇನ್ನೂ ಜಗ್ಗಿಲ್ಲ.